ರೋಲರ್ ಓಡದ ಜಾಗ

ಜೂನ್ 9, ಸೋಮವಾರ. ಬೆಳಿಗ್ಗೆ 9.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು, ಚೀಲದ ತುಂಬ ಹಸಿ ಮಣ್ಣು. ಅದನ್ನು ಇನ್ಸ್‌ಪೆಕ್ಟರನ ಮೇಜಿನ ಮೇಲಿಟ್ಟು, ಕೂತುಕೊಳ್ಳಿ ಎನ್ನುವ ಮೊದಲೇ ಆಕೆ ಕೂತಳು.

"ನಮ್ಮ ಕೆರೆ ಏರಿಯ ಮಣ್ಣು ಸಾರ್. ಯಾರೋ ತೋಡ್ತಿದ್ದಾರೆ."

ಊರಿನ ಅಂಚಿನಲ್ಲಿ ಎರಡು ದಿಬ್ಬಗಳ ನಡುವೆ ಮಣ್ಣು ಪೇರಿಸಿ ನೀರು ನಿಲ್ಲಿಸಿದ ಖಾಸಗಿ ಕೆರೆ ಅದು. ಹತ್ತೊಂಬತ್ತು ವರ್ಷಗಳ ಹಿಂದೆ ಈಕೆಯ ಮಾವ ಸ್ವಂತ ಜಮೀನಿನಲ್ಲಿ ಕಟ್ಟಿಸಿದ್ದು. ಏರಿ ಇಪ್ಪತ್ತನಾಲ್ಕು ಅಡಿ ಎತ್ತರ, ಮುನ್ನೂರು ಹೆಜ್ಜೆ ಉದ್ದ. ತೂಬಿನಿಂದ ಬಿಟ್ಟ ನೀರು ಮೊದಲು ಇವರ ಸಸಿ ತೋಟಕ್ಕೆ ಬಂದು, ಅಲ್ಲಿಂದ ಕಾಲುವೆ ಹಿಡಿದು ಕೆಳಗಿನ ಕಾಲೊನಿಗೆ ಹೋಗುತ್ತದೆ. ಕಾಲೊನಿಯ ಅರವತ್ತೆರಡು ಮನೆಯವರಿಗೂ ಬಟ್ಟೆ ಒಗೆಯುವುದೇ ಕಸುಬು. ಊರಿನ ಆಸ್ಪತ್ರೆ, ಹೋಟೆಲುಗಳ ಹೊದಿಕೆ, ದಿಂಬಿನ ಚೀಲಗಳೆಲ್ಲ ಅಲ್ಲಿಗೇ ಬರುತ್ತವೆ. ಮಾವನಿಗೆ ವಯಸ್ಸಾದ ಮೇಲೆ ತೋಟ, ಕೆರೆ ಎರಡನ್ನೂ ನೋಡಿಕೊಳ್ಳುತ್ತಿರುವವಳು ಈ ಸೊಸೆ.

ತೋಟಕ್ಕೆ ಭಾನುವಾರ ರಜೆ. ಮೂರು ವಾರದಿಂದ ಪ್ರತಿ ಸೋಮವಾರ ಬಂದು ನೋಡಿದರೆ ಏರಿಯ ಹಿಂಬದಿಯಲ್ಲಿ ಹೊಸ ಗುಂಡಿಗಳ ಗುರುತು. ಮೊದಲ ವಾರ ನಾಯಿ ಕೆದಕಿರಬೇಕು ಎಂದುಕೊಂಡಳಂತೆ. ಈಗ ಲೆಕ್ಕ ಏಳಕ್ಕೆ ಬಂದಿದೆ. ಗುಂಡಿಗಳ ಕೆಳಗೆ ಏರಿಯ ಬುಡ ಒದ್ದೆಯಾಗಿದೆ.

"ನಿಮ್ಮ ಮಾವನಿಗೆ ಹೇಳಿದ್ರಾ?"

"ಹೇಳಿದೆ. ಹೆಗ್ಗಣ ಅಂದ್ರು. ಸ್ಟೇಷನ್‌ಗೆ ಹೋಗ್ತೀನಿ ಅಂದ್ರೆ ಬಾಗಿಲಿಗೆ ಅಡ್ಡ ನಿಂತ್ರು. ಹಿತ್ತಲ ಬಾಗಿಲಿಂದ ಬಂದಿದೀನಿ."

ಇನ್ಸ್‌ಪೆಕ್ಟರ್ ಚೀಲದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬೇರೊಂದು ಊರಿನಲ್ಲಿ ಇಂಥದೇ ಒಂದು ಖಾಸಗಿ ಕೆರೆ ಒಡೆದಿತ್ತು. ಗುರುತು ಹಿಡಿಯಲು ಬಂದವರ ಎದುರು ಒಂದೊಂದೇ ಮುಖದ ಕೆಸರನ್ನು ಬಕೆಟ್ ನೀರಿನಿಂದ ತೊಳೆದು ತೋರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಅಂದಿನಿಂದ ಯಾರಾದರೂ ಸಣ್ಣ ಕೆರೆ ಎಂದರೆ ಅವನು ಮನಸ್ಸಿನಲ್ಲೇ ಅದರ ಕೆಳಗಿನ ಮನೆಗಳನ್ನು ಎಣಿಸತೊಡಗುತ್ತಾನೆ. ಇದನ್ನು ಅವನು ಯಾರ ಬಳಿಯೂ ಬಾಯಿ ಬಿಟ್ಟು ಹೇಳಿಕೊಂಡವನಲ್ಲ.

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ 71. ಆರೋಪಿ: ಅಪರಿಚಿತ. ಸಮಯವನ್ನು ಗಟ್ಟಿಯಾಗಿ ಹೇಳಿ ಬರೆಸಿದವನು ಹೆಡ್ ಕಾನ್‌ಸ್ಟೇಬಲ್. ಏನೇ ಆಗಲಿ ಮೊದಲು ಕೈಗಡಿಯಾರ ನೋಡಿಕೊಳ್ಳುವ ಅಭ್ಯಾಸದಿಂದ ಠಾಣೆಯಲ್ಲಿ ಅವನಿಗೆ ‘ಗಡಿಯಾರ’ ಎಂದೇ ಹೆಸರು. ಹೆಡ್ ಆದ ಮೇಲೆ ಸಿಕ್ಕ ಒಂದೇ ಬಡ್ತಿ ಅದು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

11.10ಕ್ಕೆ ಅವರು ಏರಿಯ ಬುಡ ತಲುಪಿದರು. ಹುಲ್ಲು ಬೆಳೆದ ಇಳಿಜಾರು, ಅದರ ತುದಿಗೆ ಬರೀ ಆಕಾಶ. ಆ ಹುಲ್ಲಿನ ಗೋಡೆಯ ಆಚೆ ನೀರು ತನ್ನ ತಲೆಗಿಂತ ಎಷ್ಟೋ ಎತ್ತರಕ್ಕೆ ನಿಂತಿದೆ ಎನ್ನುವುದು ನೆನಪಾಗಿ ಇನ್ಸ್‌ಪೆಕ್ಟರ್ ನಿಂತು ಕಿವಿಗೊಟ್ಟ. ಸದ್ದೇನೂ ಇರಲಿಲ್ಲ. ಸದ್ದಿದ್ದರೆ ವಾಸಿ ಎನಿಸಿತು ಅವನಿಗೆ.

ಏರಿಯ ಮೇಲೆ ಐವತ್ತು ಹೆಜ್ಜೆಗೊಂದರಂತೆ ಗುರುತುಕಲ್ಲು ನೆಟ್ಟಿದ್ದರು. ಏಳೂ ಗುಂಡಿಗಳು ಮೂರನೇ ಮತ್ತು ನಾಲ್ಕನೇ ಕಲ್ಲಿನ ನಡುವೆಯೇ ಇದ್ದವು. ಮಣ್ಣು ತುಂಬಿ ಬಡಿದು ಮುಚ್ಚಿದ್ದರೂ, ಕೆದಕಿ ನೋಡಿದರೆ ಒಂದೊಂದೂ ತೋಳು ಇಳಿಯುವಷ್ಟು ಆಳ. ಅಲ್ಲಿಂದ ನೇರ ಕೆಳಗೆ, ಬುಡದಲ್ಲಿ, ಬೆರಳು ದಪ್ಪದ ಒರತೆ. ನೀರು ತಿಳಿಯಾಗಿತ್ತು. ಇಬ್ಬರು ತೋಟದ ಕೆಲಸಗಾರರನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುವಾಯಿತು. ಗಡಿಯಾರ ಅಳತೆ ಹೇಳುತ್ತಿದ್ದ, ಮಹಿಳಾ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಿದ್ದಳು. ಐದನೇ ಗುಂಡಿಯ ಹತ್ತಿರ ಅವಳು ಪೆನ್ನು ನಿಲ್ಲಿಸಿದಳು. ಗುಂಡಿಯ ಪಕ್ಕ ಸಣ್ಣ ಕಲ್ಲುಗಳೆಲ್ಲ ಒಂದು ಕಡೆ ಗುಡ್ಡೆಯಾಗಿದ್ದವು, ನಯವಾದ ಮಣ್ಣು ಇನ್ನೊಂದು ಕಡೆ ಉದುರಿತ್ತು.

"ಇದು ಜರಡಿ ಹಿಡಿದ ಮಣ್ಣು ಸಾರ್. ನಮ್ಮಪ್ಪ ಗಾರೆ ಕೆಲಸದೋರು, ದಿನಾ ನೋಡ್ತಿದ್ದೆ. ಇವರು ಏರಿ ಒಡೆಯೋಕೆ ಬಂದೋರಲ್ಲ. ಏನೋ ಹುಡುಕ್ತಿದ್ದಾರೆ."

ಅಷ್ಟರಲ್ಲಿ ಮನೆಯ ಕಡೆಯಿಂದ ಯಜಮಾನ ಬಂದ. ಎಪ್ಪತ್ತು ದಾಟಿದ, ಎತ್ತರದ ಆಳು. ಕೋಲಿದ್ದರೂ ಅದರ ಮೇಲೆ ಭಾರ ಹಾಕದೆ ನಡೆಯುತ್ತಿದ್ದ. ಸೊಸೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೆಗ್ಗಣದ ಕೆಲಸಕ್ಕೆ ಪೊಲೀಸರ ಹೊತ್ತು ಹಾಳುಮಾಡಿದಳು ಎಂದು ಬೇಸರಪಟ್ಟುಕೊಂಡ. ಕೇಸು ಬೇಡ, ತಾನೇ ಮಣ್ಣು ಹಾಕಿಸಿ ಸರಿಮಾಡಿಸುತ್ತೇನೆ ಎಂದ.

"ಹೆಗ್ಗಣ ಮಣ್ಣು ಜರಡಿ ಹಿಡಿಯುತ್ತಾ ಯಜಮಾನ್ರೇ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

ಮುದುಕ ಗುಂಡಿಗಳ ಮೇಲೆ ಬಗ್ಗಿ, "ಎಷ್ಟು ಆಳ ಹೋಗಿದೆ?" ಎಂದು ಕೇಳಿದ.

ಜೀಪಿನಲ್ಲಿ ಕೂತ ಮೇಲೆ ಇನ್ಸ್‌ಪೆಕ್ಟರನ ತಲೆಯಲ್ಲಿ ಅದೇ ಮಾತು ಕೊರೆಯಿತು. ಸ್ವಂತ ಏರಿಯನ್ನು ತೋಡಿದವರು ಯಾರು ಎಂದು ಕೇಳಬೇಕಾದವನು ಆಳ ಎಷ್ಟು ಎಂದು ಕೇಳಿದ್ದ.

ಸೊಸೆಗೆ ಅನುಮಾನವಿದ್ದದ್ದು ಹಿಂದಿನ ವರ್ಷ ಕೆರೆಯ ಮೀನು ಹಿಡಿಯುವ ಕೆಲಸದಿಂದ ತೆಗೆದುಹಾಕಿದ್ದ ಒಬ್ಬನ ಮೇಲೆ. ಮಂಗಳವಾರ ಗಡಿಯಾರ ಅವನನ್ನು ಹುಡುಕಿಕೊಂಡು ಹೋದ. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿ ಅವನಿಗೆ ಐದು ವಾರವಾಗಿತ್ತು. ಆ ಕಾಲಿನಲ್ಲಿ ಅವನು ಏರಿ ಹತ್ತಿ ತೋಡಿದ್ದರೆ ಕೇಸಿನ ಬದಲು ಬಹುಮಾನ ಕೊಡಬೇಕು ಸಾರ್ ಎಂದು ಗಡಿಯಾರ ವರದಿ ಒಪ್ಪಿಸಿದ. ಇನ್ನು ಉಳಿದದ್ದು ಭಾನುವಾರ ಕಾಯುವುದು.

ಆ ವಾರವೆಲ್ಲ ಮೇಲಿನ ಗುಡ್ಡಗಳ ಕಡೆ ಮಳೆ. ಕೆರೆಯ ಮಟ್ಟ ದಿನಕ್ಕೆ ನಾಲ್ಕೈದು ಬೆರಳು ಏರುತ್ತಿದೆ ಎಂದು ಸೊಸೆ ಪ್ರತಿ ಸಂಜೆ ಫೋನ್ ಮಾಡಿ ಹೇಳುತ್ತಿದ್ದಳು. ಶನಿವಾರದ ಹೊತ್ತಿಗೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಇನ್ನು ಎರಡೇ ಅಡಿ ಬಾಕಿ ಇತ್ತು.

ಜೂನ್ 15, ಭಾನುವಾರ. ಹನ್ನೆರಡು ಗಂಟೆಯಿಂದ ಇನ್ಸ್‌ಪೆಕ್ಟರ್, ಗಡಿಯಾರ, ಮಹಿಳಾ ಕಾನ್‌ಸ್ಟೇಬಲ್ ಮೂವರೂ ತೋಟದ ಗೊಬ್ಬರದ ಕೊಠಡಿಯಲ್ಲಿ ಕೂತಿದ್ದರು. ಬಿಸಿಲು ಸುಡುತ್ತಿತ್ತು. 1.50ಕ್ಕೆ ಕಾಲೊನಿಯ ಕಡೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಬಂದಳು. ಒರತೆಯ ಹತ್ತಿರ ಬಗ್ಗಿ ನೀರಿನಲ್ಲಿ ಕೈಯಿಟ್ಟು ನೋಡಿದಳು. ಆಮೇಲೆ ಇಳಿಜಾರು ಹತ್ತಿ, ಗಂಟು ಬಿಚ್ಚಿ, ಒಂದು ಗಿಡ್ಡ ಹಾರೆ, ಒಂದು ಜರಡಿ, ಒಂದು ಮರದ ದಿಮ್ಮಿ ಹೊರತೆಗೆದಳು. ಅವಳು ತೋಡುವುದರಲ್ಲಿ ಆತುರವಿರಲಿಲ್ಲ. ಹಿಡಿ ಹಿಡಿ ಮಣ್ಣನ್ನು ಜರಡಿಗೆ ಹಾಕಿ, ಅಲ್ಲಾಡಿಸಿ, ಉಳಿದ ಕಲ್ಲುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ತಂದು ನೋಡಿ ಪಕ್ಕಕ್ಕಿಡುತ್ತಿದ್ದಳು.

2.15ಕ್ಕೆ ಮೂವರೂ ಸುತ್ತುವರಿದಾಗ ಅವಳು ಓಡಲಿಲ್ಲ. ಐವತ್ತರ ಆಸುಪಾಸಿನ ವಯಸ್ಸು, ಬಲಗೈಯ ಮೇಲೆಲ್ಲ ಹಳೆಯ ಸುಟ್ಟ ಕಲೆಗಳು.

"ಈ ಗುಂಡಿ ಮುಚ್ಚಿ ಬರ್ತೀನಿ ಸಾರ್. ಹೀಗೇ ಬಿಟ್ರೆ ನೀರಿಗೆ ದಾರಿ ಆಗುತ್ತೆ."

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಅವಳು ಮಣ್ಣು ತುಂಬಿ ದಿಮ್ಮಿಯಿಂದ ಬಡಿದು ಬಡಿದು ಗಟ್ಟಿಮಾಡಿದಳು. ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತು ಮಣ್ಣು ತಳ್ಳಿಕೊಟ್ಟಳು.

ಕಾಲೊನಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಠಾಣೆಯಲ್ಲಿ ನೀರು ಕುಡಿಸಿ ಕೂರಿಸಿದ ಮೇಲೆ ವಿಚಾರಣೆ ನಡೆಯಿತು.

"ಏನು ಹುಡುಕ್ತಿದ್ರಿ?"

"ನನ್ನ ಗಂಡನ್ನ."

ಅವಳ ಗಂಡ ಆ ಏರಿ ಕಟ್ಟುವಾಗ ಮಣ್ಣಿನ ಕೆಲಸಕ್ಕಿದ್ದ. ಮಣ್ಣು ಅದುಮುವ ರೋಲರ್ ಹಿಂದಕ್ಕೆ ಬರುವಾಗ ಹಿತ್ತಾಳೆ ಸಿಳ್ಳೆ ಊದಿ ದಾರಿ ತೋರಿಸುವುದು ಅವನ ಕೆಲಸ. ಹಾಗಾಗಿ ಜತೆಗಾರರು ಅವನನ್ನು ‘ಸಿಳ್ಳೆ’ ಎಂದೇ ಕರೆಯುತ್ತಿದ್ದರು. ಒಂದು ದಿನ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ. ಯಾರದೋ ಜತೆ ಊರು ಬಿಟ್ಟ ಎಂದು ಯಜಮಾನನೇ ಬಂದು ಹೇಳಿದ. ಹತ್ತೊಂಬತ್ತು ವರ್ಷ ಅವಳು ಗಂಡ ಬಿಟ್ಟು ಹೋದವಳು ಎನಿಸಿಕೊಂಡು ಬದುಕಿದಳು. ಎರಡು ತಿಂಗಳ ಕೆಳಗೆ ಆಸ್ಪತ್ರೆಗೆ ಹೊದಿಕೆ ತಲುಪಿಸಲು ಹೋದಾಗ ಅಲ್ಲಿ ಸಾಯಲು ಮಲಗಿದ್ದ ಹಳೆಯ ರೋಲರ್ ಡ್ರೈವರ್ ಅವಳ ಗುರುತು ಹಿಡಿದ. ಮೂರನೇ ಕಲ್ಲಿನಿಂದ ಹದಿನೆಂಟು ಹೆಜ್ಜೆ, ಸಿಳ್ಳೆ ಅಲ್ಲಿದ್ದಾನೆ ಎಂದಷ್ಟೇ ಹೇಳಿದ. ಮಾರನೇ ದಿನ ಅವನೂ ಇರಲಿಲ್ಲ.

"ಮೊದಲೇ ಪೊಲೀಸರ ಹತ್ರ ಯಾಕೆ ಬರಲಿಲ್ಲ?"

"ಬಂದಿದ್ದೆ ಸಾರ್. ಅವರು ಕಾಣೆಯಾದ ಮೂರನೇ ದಿನ. ಎಲ್ಲೋ ಓಡಿಹೋಗಿರ್ತಾನೆ, ಬರ್ತಾನೆ ಹೋಗು ಅಂದ್ರು."

"ಏರಿ ತೋಡಿದ್ರೆ ಅಪಾಯ ಅಂತ ಗೊತ್ತಿರಲಿಲ್ವಾ? ನಿಮ್ಮ ಮನೇನೂ ಅದರ ಕೆಳಗೇ ಇದೆ."

"ಗೊತ್ತಿತ್ತು. ಅದಕ್ಕೇ ಪ್ರತಿ ಸಲ ಬಡಿದು ಮುಚ್ಚಿ ಹೋಗ್ತಿದ್ದೆ." ಅವಳು ಮುಂದುವರಿಸಿದಳು: "ಇಷ್ಟು ವರ್ಷ ಅವರ ಮೈಮೇಲಿಂದ ಬಂದ ನೀರಲ್ಲೇ ಬಟ್ಟೆ ಒಗೆದಿದೀನಿ ಸಾರ್. ಅದು ಗೊತ್ತಾದ ಮೇಲೆ ಹೇಗೆ ಸುಮ್ಮನಿರಲಿ?"

ದಾಖಲೆ ಕೋಣೆಯಲ್ಲಿ ಒಂದು ಗಂಟೆ ಧೂಳು ಕುಡಿದು ಗಡಿಯಾರ ಹಳೆಯ ಡೈರಿ ಹೊತ್ತು ತಂದ. ಅವಳು ಹೇಳಿದ್ದು ನಿಜ. ಒಂದೇ ಸಾಲು: ‘ಪತಿ ಕಾಣೆಯೆಂದು ಮಹಿಳೆಯ ಮೌಖಿಕ ದೂರು. ಕೌಟುಂಬಿಕ ಕಾರಣ. ತಿಳಿಹೇಳಿ ಕಳುಹಿಸಲಾಯಿತು.’ ಎಫ್‌ಐಆರ್ ಇಲ್ಲ. ಬರೆದವರು ಈಗ ಬದುಕಿಲ್ಲ. ಆದರೂ ಆ ಸಾಲನ್ನು ಓದುವಾಗ ಇನ್ಸ್‌ಪೆಕ್ಟರನಿಗೆ ಅವಳ ಮುಖ ನೋಡಲಾಗಲಿಲ್ಲ. ನಿಯಮದಂತೆ ಅವಳ ಬಂಧನವಾಯಿತು. ಸೋಮವಾರ ಜಾಮೀನು ಸಿಕ್ಕಿತು.

ಅದೇ ಸೋಮವಾರ 11.30ಕ್ಕೆ ಅವನು ಯಜಮಾನನ ಮನೆಯ ಜಗಲಿಯಲ್ಲಿ ಕೂತ. ಸಿಳ್ಳೆಯ ಹೆಸರು ಎತ್ತಿದರೆ ಮುದುಕ, ನೂರಾರು ಜನ ಬಂದರು ಹೋದರು, ಯಾರೆಂದು ನೆನಪಿಟ್ಟುಕೊಳ್ಳಲಿ ಎಂದ. ಏರಿಯನ್ನು ಅಗೆದು ನೋಡಬೇಕು, ಕೆರೆ ಖಾಲಿ ಮಾಡಿಸಿ ಎಂದಾಗ ಮಾತ್ರ ಅವನ ದನಿ ಏರಿತು.

"ಮಳೆಗಾಲದ ಬಾಯಲ್ಲಿ ಏರಿ ಬಗೀತೀರಾ? ಕೆಳಗೆ ಅರವತ್ತೆರಡು ಮನೆ ಇದೆ. ಹೆಚ್ಚುಕಮ್ಮಿ ಆದ್ರೆ ನೀವು ಹೊಣೆ ಆಗ್ತೀರಾ?"

ಇನ್ಸ್‌ಪೆಕ್ಟರ್ ಎದ್ದ. ಮುದುಕನ ಮಾತಿನಲ್ಲಿ ಸುಳ್ಳು ಎಷ್ಟಿತ್ತೋ, ಆ ಭಯ ಮಾತ್ರ ನಿಜ. ಸತ್ತವನೊಬ್ಬನನ್ನು ಹೊರತೆಗೆಯಲು ಹೋಗಿ ತಾನೇ ಒಂದು ಊರನ್ನು ಮುಳುಗಿಸಿದರೆ? ಠಾಣೆಗೆ ಬಂದವನೇ ಅಣೆಕಟ್ಟು ಸುರಕ್ಷತಾ ಕಚೇರಿಗೆ ಕಾಗದ ಬರೆದು, ತುರ್ತು ತಪಾಸಣೆ ಎಂದು ಕೆಂಪು ಶಾಯಿಯಲ್ಲಿ ಗೀಟೆಳೆದು, ಗಡಿಯಾರನ ಕೈಯಲ್ಲೇ ಕೊಟ್ಟು ಕಳಿಸಿದ.

ಜೂನ್ 17, ಮಂಗಳವಾರ. 10.30ಕ್ಕೆ ಕಚೇರಿಯಿಂದ ಎಂಜಿನಿಯರಮ್ಮ ಬಂದಳು. ನಲವತ್ತರ ಒಳಗಿನ, ಮಾತು ಕಡಿಮೆಯ ಹೆಂಗಸು. ಮೇಲೆ ಕೆಳಗೆ ಒಂದು ಸಲ ನಡೆದು ನೋಡಿದಳು. ತೂಬಿನ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೆ ನಿಂತಿದ್ದನ್ನು ಬರೆದುಕೊಂಡಳು. ಆಮೇಲೆ ಒರತೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಗಾಜಿನ ಲೋಟ ತೆಗೆದು, ನೀರು ಹಿಡಿದು ಬಿಸಿಲಿಗೆ ಎತ್ತಿದಳು. ಬೆರಳು ದಪ್ಪವಿದ್ದ ಒರತೆ ಈಗ ಮುಂಗೈ ದಪ್ಪವಾಗಿತ್ತು. ಲೋಟದ ತಳದಲ್ಲಿ ಕೆಂಪಗೆ ಗಷ್ಟು ಕೂರತೊಡಗಿತು.

"ನಿನ್ನೆ ಹೇಗಿತ್ತು ನೀರು?"

"ತಿಳಿ ಇತ್ತು," ಎಂದಳು ಸೊಸೆ.

"ತಿಳಿ ನೀರು ಸೋರಿದ್ರೆ ಹೆದರಬೇಕಾಗಿಲ್ಲ. ಇದು ಒಳಗಿನ ಮಣ್ಣನ್ನೇ ಹೊತ್ಕೊಂಡು ಬರ್ತಿದೆ." ಎಂಜಿನಿಯರಮ್ಮ ಎದ್ದು ನಿಂತಳು. "ಕಾಲೊನಿ ಖಾಲಿ ಮಾಡಿಸಿ. ಈಗಲೇ."

"ಎಷ್ಟು ಹೊತ್ತಿದೆ?"

"ಸಂಜೆವರೆಗೂ ನಿಲ್ಲಬಹುದು. ನಾವು ಮಾತಾಡಿ ಮುಗಿಸೋದರೊಳಗೆ ಹೋಗಲೂಬಹುದು."

10.55. ಸಮಯ ಹೇಳುವ ಗಡಿಯಾರ ಅಂದು ಮೊದಲ ಬಾರಿಗೆ ಕೈಗಡಿಯಾರ ನೋಡದೆ ಓಡಿದ.

ಕಾಲೊನಿಯಲ್ಲಿ ತಂತಿಗಳ ಮೇಲೆ ಬಿಳಿ ಹೊದಿಕೆಗಳು ಸಾಲಾಗಿ ಹಾರುತ್ತಿದ್ದವು. ಎದುರು ಬದಿಯ ಬಾಗಿಲು ಕಾಣದಷ್ಟು. ಇನ್ಸ್‌ಪೆಕ್ಟರ್ ಒದ್ದೆ ಬಟ್ಟೆಗಳನ್ನು ಸರಿಸಿಕೊಂಡು ಬಾಗಿಲು ಬಾಗಿಲಿಗೂ ನುಗ್ಗಿದ. ಗಂಟಲು ಹರಿಯುವಂತೆ ಕೂಗಬೇಕು ಎನಿಸಿದರೂ ಕೂಗಲಿಲ್ಲ. ಕೂಗಿದರೆ ಜನ ದಿಕ್ಕೆಟ್ಟು ಓಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಎಡದ ದಿಬ್ಬಕ್ಕೆ ನಡೆಯಿರಿ, ಏನನ್ನೂ ತೆಗೆದುಕೊಳ್ಳಬೇಡಿ ಎಂದಷ್ಟೇ ಹೇಳುತ್ತಾ ಹೋದ. ಹೇಳುವಾಗಲೆಲ್ಲ ಕಿವಿ ಮಾತ್ರ ಹಿಂದಕ್ಕೆ, ಏರಿಯ ಕಡೆಗೇ ಇತ್ತು. ಖಾಲಿಯಾದ ಮನೆಯ ಬಾಗಿಲಿಗೆ ಮಹಿಳಾ ಕಾನ್‌ಸ್ಟೇಬಲ್ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದಳು. ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಇಸ್ತ್ರಿ ಮೇಜಿನ ಸಮೇತ ನಾಲ್ವರು ಎತ್ತಿಕೊಂಡು ಹೋದರು. ಅಜ್ಜಿ ದಾರಿಯುದ್ದಕ್ಕೂ ತನ್ನ ಚಪ್ಪಲಿ ಕೇಳುತ್ತಿದ್ದಳು. 11.40ಕ್ಕೆ ಅರವತ್ತೆರಡು ಗೀಟುಗಳು ಆದವು.

ಅವನು ಏದುಸಿರು ಬಿಡುತ್ತಾ ಮರಳಿ ಬಂದಾಗ ತೋಟದ ಆಳುಗಳು ತೂಬಿನ ತಿರುಪಿಗೆ ಕಬ್ಬಿಣದ ಪೈಪು ಸಿಕ್ಕಿಸಿ ತಿರುಗಿಸುತ್ತಿದ್ದರು. ಅದು ಮುಕ್ಕಾಲು ತೆರೆದು ಅಲ್ಲೇ ಕಚ್ಚಿಕೊಂಡಿತು. ಒರತೆಯ ಬಾಯಿಗೆ ಎಂಜಿನಿಯರಮ್ಮ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಹಾಕಿಸುತ್ತಿದ್ದಳು. ನೀರು ಹೊರಬರಲಿ, ಮಣ್ಣು ಒಳಗೇ ಉಳಿಯಲಿ ಎನ್ನುವ ಉಪಾಯ. ಆದರೆ ಆಚೆ ಬದಿಯಲ್ಲಿ, ಮೂರನೇ ಮತ್ತು ನಾಲ್ಕನೇ ಕಲ್ಲಿನ ನಡುವೆ, ನೀರಿನ ಮೇಲೆ ತಟ್ಟೆಯಗಲದ ಸುಳಿಯೊಂದು ತಿರುಗತೊಡಗಿತ್ತು. ನೀರು ಏರಿಯೊಳಗೆ ನುಗ್ಗುತ್ತಿದ್ದ ಆ ಬಾಯಿಗೆ ಮಣ್ಣಿನ ಮೂಟೆಗಳು ಬೀಳಬೇಕು, ಬೇಗ ಬೀಳಬೇಕು. ಮೂಟೆ ಹೇರಿದ ಟ್ರ್ಯಾಕ್ಟರ್ ಏರಿಯ ಮೇಲೆ ಹತ್ತಿ ಹೊರಟಿತು.

ಮೂರನೇ ಕಲ್ಲು ದಾಟಿತ್ತಷ್ಟೇ. ಯಜಮಾನ ಕೋಲು ಬಿಸಾಡಿ ಅದರ ಎದುರು ಎರಡೂ ತೋಳು ಚಾಚಿ ನಿಂತ.

"ಮುಂದಕ್ಕೆ ಬರಬೇಡ. ಇದರ ಭಾರ ತಡೆಯಲ್ಲ."

ಎಂಜಿನಿಯರಮ್ಮ ಓಡಿಬಂದು, ಏರಿ ಇಷ್ಟು ವರ್ಷ ಇಂಥ ಎಷ್ಟೋ ಭಾರ ಹೊತ್ತಿರಬೇಕಲ್ಲ, ಯಾಕೆ ತಡೆಯುವುದಿಲ್ಲ ಎಂದು ಗದರಿದಳು. ಮುದುಕ ಅವಳನ್ನು ನೋಡಲಿಲ್ಲ. ಅವಳ ಹಿಂದೆ ನಿಂತಿದ್ದ ಇನ್ಸ್‌ಪೆಕ್ಟರನ ಮುಖವನ್ನೇ ನೋಡಿದ.

"ಇಲ್ಲಿ ಗಾಡಿ ಹೋಗೋಕೆ ನಾನು ಯಾವತ್ತೂ ಬಿಟ್ಟಿಲ್ಲ. ಹದಿನೆಂಟನೇ ಹೆಜ್ಜೆಯಿಂದ ಹತ್ತಡಿ ಉದ್ದ, ಎಂಟಡಿ ಅಗಲ. ಅಲ್ಲಿ ಮಣ್ಣು ಸಡಿಲ. ಅಲ್ಲಿ ರೋಲರ್ ಓಡಿಲ್ಲ."

"ಯಾಕೆ ಓಡಿಲ್ಲ?"

"ಡ್ರೈವರ್ ಓಡಿಸಲ್ಲ ಅಂದ. ಕಾಲು ಹಿಡಿದೆ. ಆ ಜಾಗದ ಮೇಲೆ ಮಾತ್ರ ಓಡಿಸಲ್ಲ ಅಂದ."

ಟ್ರ್ಯಾಕ್ಟರ್ ಒಂದೊಂದೇ ಅಡಿ ಹಿಂದಕ್ಕೆ ಸರಿಯಿತು. ಈಗ ಮೂಟೆಗಳು ಕೈಯಿಂದ ಕೈಗೆ ಹೋಗಬೇಕು, ಅದಕ್ಕೆ ಜನ ಸಾಲದು. ಇನ್ಸ್‌ಪೆಕ್ಟರ್ ದಿಬ್ಬದ ಕಡೆ ತಿರುಗಿ ಕೈಬೀಸಿದ. ಬರುವವರು ಜೀವ ಕೈಯಲ್ಲಿ ಹಿಡಿದು ಬರಬೇಕಾಗಿತ್ತು. ಕರೆಯುವ ಹಕ್ಕು ತನಗಿದೆಯೇ ಎಂದು ಯೋಚಿಸಲು ಅವನಿಗೆ ಹೊತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಇಳಿದು ಬಂದರು. ದಿನವಿಡೀ ಒದ್ದೆ ಬಟ್ಟೆ ಎತ್ತಿ ಹಿಂಡಿದ ತೋಳುಗಳು. ಏರಿಯ ಮೇಲೆ ಸಾಲು ಕಟ್ಟಿ ನಿಂತು ಮೂಟೆ ದಾಟಿಸತೊಡಗಿದರು. ಸಾಲಿನ ನಡುವೆ, ಸರಿಯಾಗಿ ಮೂರನೇ ಕಲ್ಲಿನ ಪಕ್ಕ, ಇಸ್ತ್ರಿಯಕ್ಕ ನಿಂತಿದ್ದಳು. ಮುದುಕ ಹೇಳಿದ ಮಾತು ಅಷ್ಟರಲ್ಲಿ ಸಾಲಿನ ಬಾಯಿಂದ ಬಾಯಿಗೆ ಬಂದು ಅವಳನ್ನೂ ಮುಟ್ಟಿತ್ತು. ಅವಳು ಒಂದು ಗಳಿಗೆ ಮೂಟೆಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಆಮೇಲೆ ಮುಂದಿನವರ ಕೈಗೆ ದಾಟಿಸಿ, ಮತ್ತೊಂದಕ್ಕೆ ಕೈಚಾಚಿದಳು.

ಇನ್ಸ್‌ಪೆಕ್ಟರ್ ಬುಡದಲ್ಲಿ ಜಲ್ಲಿ ಸುರಿಯುವವರ ಜತೆ ನಿಂತ. ಬೂಟಿನೊಳಗೆ ನುಗ್ಗಿದ ನೀರು ಮಂಜಿನಷ್ಟು ತಣ್ಣಗಿತ್ತು. ಎರಡು ಸಲ ಮೇಲಿನ ಹುಲ್ಲು ಅಲುಗಿದಂತೆ ಕಂಡು, ಓಡಿ ಎಂದು ಕೂಗಲು ಬಾಯಿ ತೆರೆದ. ಎರಡು ಸಲವೂ ಗಾಳಿ. 3.20ಕ್ಕೆ ಸುಳಿ ನಿಂತಿತು. 5.30ಕ್ಕೆ ಎಂಜಿನಿಯರಮ್ಮ ಲೋಟ ಎತ್ತಿ ಬಹಳ ಹೊತ್ತು ನೋಡಿ, ಅದನ್ನು ಇನ್ಸ್‌ಪೆಕ್ಟರನ ಕೈಗೆ ಕೊಟ್ಟಳು. ನೀರು ತಿಳಿಯಾಗಿತ್ತು. ಅವನು ಜಲ್ಲಿಯ ರಾಶಿಯ ಮೇಲೆ ಕೂತು ಬೂಟಿನ ನೀರು ಚೆಲ್ಲಿದ.

ಕೆರೆ ಖಾಲಿಯಾಗಲು ಹತ್ತು ದಿನ ಹಿಡಿಯಿತು. ಅಷ್ಟೂ ದಿನ ಕಾಲೊನಿಯವರು ಶಾಲೆಯೊಂದರ ಕೋಣೆಗಳಲ್ಲಿ ಉಳಿದರು. ಯಜಮಾನ ಎಲ್ಲಿಗೂ ಹೋಗಲಿಲ್ಲ; ಬಾಗಿಲಿಗೆ ಕಾವಲು ಹಾಕಿದ್ದ ಕಾನ್‌ಸ್ಟೇಬಲನಿಗೆ ತಾನೇ ಕುರ್ಚಿ ತಂದುಕೊಟ್ಟನಂತೆ.

ಜೂನ್ 27, ಶುಕ್ರವಾರ. ದಂಡಾಧಿಕಾರಿಯ ಅನುಮತಿಯೊಂದಿಗೆ, ಸರಕಾರಿ ವೈದ್ಯರ ಎದುರು, ಏರಿಯನ್ನು ಮೇಲಿನಿಂದ ಒಂದೊಂದು ಅಡಿಯಾಗಿ ಬಿಡಿಸಿದರು. ಎರಡೂ ಕಡೆಯ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ ನಡುವಿನ ಹತ್ತಡಿ ಸಲಿಕೆಗೆ ಬೆಣ್ಣೆಯಂತೆ ಸಿಕ್ಕಿತು. 12.40ಕ್ಕೆ, ಹನ್ನೊಂದು ಅಡಿ ಆಳದಲ್ಲಿ ಮೂಳೆಗಳು ಕಂಡವು. ಎದೆಗೂಡಿನ ಬಲಭಾಗ ಪುಡಿಯಾಗಿತ್ತು. ಎದೆಯ ಹತ್ತಿರ, ಕೊಳೆತ ದಾರದ ತುದಿಯಲ್ಲಿ, ಹಸಿರುಗಟ್ಟಿದ ಒಂದು ಹಿತ್ತಾಳೆ ಸಿಳ್ಳೆ. ಪಂಚನಾಮೆಗೆ ಸಹಿ ಬಿದ್ದ ಮೇಲೆ ಇಸ್ತ್ರಿಯಕ್ಕನನ್ನು ಕರೆದು ತೋರಿಸಿದರು. ಅವಳು ಮುಟ್ಟಬಹುದೇ ಎಂದು ಕೇಳಿದಳು. ಸಾಕ್ಷ್ಯ, ಮುಟ್ಟುವಂತಿಲ್ಲ ಎಂದಾಗ ಕೈ ಹಿಂದಕ್ಕೆ ತೆಗೆದುಕೊಂಡು, ಇದೇ ಅವರದು ಎಂದಳು.

2.10ಕ್ಕೆ ಬಂಧಿಸಲು ಹೋದಾಗ ಯಜಮಾನ ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು ಜಗಲಿಯಲ್ಲಿ ಕೂತಿದ್ದ. ಎದ್ದು ನಡೆದ. ಸೊಸೆ ಒಳಗಿನಿಂದ ಓಡಿಬಂದು ಔಷಧಿಯ ಪೊಟ್ಟಣವನ್ನು ಮಹಿಳಾ ಕಾನ್‌ಸ್ಟೇಬಲ್ ಕೈಗಿಟ್ಟು, ಬಿಳಿ ಮಾತ್ರೆ ಬೆಳಿಗ್ಗೆ, ಹಳದಿಯದು ರಾತ್ರಿ ಎಂದು ಎರಡು ಸಲ ಹೇಳಿದಳು. ಮಾವನ ಕಣ್ಣು ತಪ್ಪಿಸಿಯೇ ಹೇಳಿದಳು.

ಠಾಣೆಯಲ್ಲಿ ಮುದುಕ ತಡವರಿಸದೆ ಹೇಳಿಕೆ ಕೊಟ್ಟ. ಆ ವರ್ಷ ಮಳೆಗೆ ಹತ್ತೇ ದಿನ ಬಾಕಿಯಿತ್ತು, ಏರಿ ಅರ್ಧ ಎದ್ದಿತ್ತು. ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಇಳಿದಿದ್ದಾಗ ರೋಲರ್ ಹಿಂದಕ್ಕೆ ಬಂದು ಸಿಳ್ಳೆಯ ಮೇಲೆ ಹರಿಯಿತು. ಏರಿಯ ಮೇಲೆ ಆಗ ಇದ್ದವರು ತಾನು ಮತ್ತು ಡ್ರೈವರ್ ಇಬ್ಬರೇ. ಪೊಲೀಸರು ಬಂದರೆ ಕೆಲಸ ನಿಲ್ಲುತ್ತದೆ. ಅರ್ಧ ಏರಿ ಮೊದಲ ಮಳೆಗೇ ಕಿತ್ತುಕೊಂಡು ಕೆಳಗಿನ ಕಾಲೊನಿಯ ಮೇಲೆ ಹೋಗುತ್ತದೆ. ಆ ಹೆದರಿಕೆಯಲ್ಲಿ ತಾನೇ ಗಾಡಿಯಲ್ಲಿದ್ದ ಮಣ್ಣನ್ನು ಸುರಿದೆ ಎಂದ. ಪಕ್ಕದಲ್ಲಿ ಇನ್ನೂ ಎರಡು ಗಾಡಿ ಮಣ್ಣಿತ್ತು, ಅದನ್ನೂ ಸುರಿದೆ. ಆ ಮಳೆಗಾಲ ಏರಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ ಎಂದ. ಹೇಳುವಾಗ ಅದರಲ್ಲಿ ಸಮಾಧಾನ ಹುಡುಕುತ್ತಿದ್ದಂತೆ ಕಂಡಿತು.

ಇನ್ಸ್‌ಪೆಕ್ಟರ್ ತಾನೇ ಬರೆದುಕೊಂಡು, ನಿಯಮದಂತೆ ಮೊದಲಿನಿಂದ ಓದಿ ಹೇಳಿದ. ‘ನಂತರ ನಾನು ಸದರಿ ಕೆಲಸಗಾರನ ಶವವನ್ನು ಮಣ್ಣಿನಲ್ಲಿ ಹೂತೆನು’ ಎನ್ನುವಲ್ಲಿ ಮುದುಕ ಕೈ ಎತ್ತಿದ.

"ಅದೊಂದು ತಿದ್ದಿ. ಶವ ಅಂತ ಬರೀಬೇಡಿ."

"ಯಾಕೆ?"

"ಶವ ಹೌದೋ ಅಲ್ವೋ ನಾನು ನೋಡಲಿಲ್ಲ." ಅವನು ಮೇಜಿನ ಅಂಚನ್ನು ಹಿಡಿದುಕೊಂಡ. "ಉಸಿರಿದ್ದಿದ್ರೆ ಕೆಲಸ ನಿಲ್ಲಿಸಬೇಕಾಗ್ತಿತ್ತು. ಅದಕ್ಕೇ ಹತ್ತಿರ ಹೋಗೋಕೆ ಹೆದರಿದೆ."

ವೈದ್ಯರ ವರದಿ ಬಂದರೂ ಎಷ್ಟು ಹೊತ್ತು ಜೀವವಿತ್ತು ಎನ್ನುವುದನ್ನು ಆ ಮೂಳೆಗಳಿಂದ ಹೇಳಲಾಗುವುದಿಲ್ಲ ಎಂದು ಇನ್ಸ್‌ಪೆಕ್ಟರನಿಗೆ ಗೊತ್ತಿತ್ತು. ಅವನು ಪೆನ್ನು ತೆಗೆದು ‘ಕೆಲಸಗಾರನ ಶವವನ್ನು’ ಎನ್ನುವುದನ್ನು ಹೊಡೆದುಹಾಕಿ ಅದರ ಮೇಲೆ ‘ಕೆಲಸಗಾರನನ್ನು’ ಎಂದು ಬರೆದ. ‘ಹೂತೆನು’ ಹೊಡೆದು ‘ಮುಚ್ಚಿದೆನು’ ಎಂದು ಬರೆದ. ಎರಡು ತಿದ್ದುಪಡಿಗಳ ಪಕ್ಕದಲ್ಲೂ ಚಿಕ್ಕ ಸಹಿ ಹಾಕಿ, ಕಾಗದವನ್ನು ಮುದುಕನ ಕಡೆ ಸರಿಸಿದ. ಸಮಯ 4.50.